ಮನೆಯೊಳಗೆ ದುರ್ಬಲ ಮೊಬೈಲ್ ಸಿಗ್ನಲ್: ಕಾರಣಗಳು ಮತ್ತು ಪರಿಹಾರ ಕ್ರಮಗಳು – ಕೊಡಗು ಜಿಲ್ಲೆಯ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ಸಂಧ್ಯಾ ಸುರಕ್ಷಾ ಮಾಸಾಶನ, ವಿದ್ಯಾರ್ಥಿವೇತನ, ಪಡಿತರ ಚೀಟಿ ಮುಂತಾದ ಸೇವೆಗಳಿಗೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವವರ ಗುರುತನ್ನು ಇಂದು ಬಹುತೇಕ ಸಂದರ್ಭಗಳಲ್ಲಿ ಮೊಬೈಲ್‌ಗೆ ಬರುವ ಓಟಿಪಿ ಸಂಖ್ಯೆಯಿಂದ ದೃಢಪಡಿಸಿಕೊಳ್ಳಲಾಗುತ್ತದೆ. ಓಟಿಪಿಯು ಕೆಲವೇ ನಿಮಿಷಗಳ ಕಾಲ ಊರ್ಜಿತವಾಗಿರುತ್ತದೆ. ಸಿಗ್ನಲ್ ಇಲ್ಲದ ಮನೆಯಿಂದ ಹೊರಟು, ತೋಟದ ದಾರಿಯಲ್ಲಿ ನಡೆದು, ರಸ್ತೆಯ ತಿರುವಿನಲ್ಲಿ ಸಂದೇಶ ತೆರೆಯುವಷ್ಟರಲ್ಲಿ ಆ ಅವಧಿ ಮುಗಿದಿರುತ್ತದೆ. ಕೊಡಗಿನ ಅನೇಕ ಅರ್ಜಿದಾರರಿಗೆ ಇದು ದಿನನಿತ್ಯದ ಅನುಭವ.

ಕೋವಿಡ್ ಸಾಂಕ್ರಾಮಿಕದ ಅವಧಿಯಲ್ಲಿ ಶಾಲೆಗಳು ಮುಚ್ಚಿದ್ದಾಗ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರು ಗ್ರಾಮದ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಅಲ್ಲಿಂದ ಮಕ್ಕಳಿಗೆ ಪಾಠ ಮಾಡಿದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಆಗಸ್ಟ್ 2018ರ ಅತಿವೃಷ್ಟಿ ಮತ್ತು ಭೂಕುಸಿತದ ಸಂದರ್ಭದಲ್ಲಿ ಮಡಿಕೇರಿ ಸುತ್ತಮುತ್ತಲಿನ ಗ್ರಾಮಗಳಲ್ಲಿ ರಸ್ತೆ ಮತ್ತು ವಿದ್ಯುತ್ತಿನೊಂದಿಗೆ ದೂರವಾಣಿ ಸಂಪರ್ಕವೂ ಕಡಿದುಹೋಗಿತ್ತು. ಆದುದರಿಂದ ಮನೆಯೊಳಗಿನ ಸಿಗ್ನಲ್ ಅನುಕೂಲದ ವಿಷಯ ಮಾತ್ರವಾಗಿ ಉಳಿದಿಲ್ಲ.

ದೂರಸಂಪರ್ಕವು ಕೇಂದ್ರ ಸರ್ಕಾರದ ವ್ಯಾಪ್ತಿಗೆ ಒಳಪಟ್ಟ ವಿಷಯ. ಜಿಲ್ಲಾಡಳಿತವಾಗಲಿ ಗ್ರಾಮ ಪಂಚಾಯಿತಿಯಾಗಲಿ ಮೊಬೈಲ್ ಟವರ್‌ಗಳನ್ನು ನಡೆಸುವುದಿಲ್ಲ. ಆದರೂ ಮನೆಯ ಮಟ್ಟದಲ್ಲಿ ನಾಗರಿಕರು ಸ್ವತಃ ಮಾಡಿಕೊಳ್ಳಬಹುದಾದ ಕ್ರಮಗಳು, ಕಾನೂನು ಅನುಮತಿಸದ ಕ್ರಮಗಳು ಹಾಗೂ ದೂರು ಸಲ್ಲಿಸುವ ವಿಧಾನವನ್ನು ಇಲ್ಲಿ ನೀಡಲಾಗಿದೆ.

ಸಿಗ್ನಲ್ ದುರ್ಬಲವಾಗಲು ಕಾರಣಗಳು

ಮೊಬೈಲ್ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಗುಡ್ಡದ ಹಿಂಬದಿಯಲ್ಲಿ ಸಿಗ್ನಲ್‌ನ ನೆರಳು ಬೀಳುತ್ತದೆ. ಕೊಡಗಿನ ಹಳೆಯ ಮನೆಗಳಲ್ಲಿ ಹಲವು, ಮೇಲೆ ಬಾಣೆ, ಕೆಳಗೆ ಗದ್ದೆ ಇರುವಂತೆ ಇಳಿಜಾರಿನ ಅಂಚಿನಲ್ಲಿ ಕಟ್ಟಲ್ಪಟ್ಟಿವೆ. ಬೇಸಾಯಕ್ಕೂ ನೀರಿಗೂ ಅನುಕೂಲವಾದ ಆ ಜಾಗ ಸಿಗ್ನಲ್‌ಗೆ ಅನುಕೂಲವಲ್ಲ. ಟವರ್ ಗುಡ್ಡದ ಆಚೆಯ ಪೇಟೆಯಲ್ಲಿದ್ದರೆ, ನಕ್ಷೆಯಲ್ಲಿ ಒಂದೆರಡು ಕಿಲೋಮೀಟರ್ ದೂರವೇ ಇದ್ದರೂ ಮನೆಗೆ ಸಿಗ್ನಲ್ ತಲುಪುವುದಿಲ್ಲ.

ಎರಡನೆಯ ಕಾರಣ ಮರಗಳು. ಕಾಫಿ ತೋಟದ ನೆರಳಿಗಾಗಿ ಬೆಳೆಸಿದ ಸಿಲ್ವರ್ ಓಕ್, ಹಲಸು, ಅತ್ತಿ ಮುಂತಾದ ಮರಗಳ ಎಲೆಗಳು ತರಂಗಗಳನ್ನು ಹೀರಿಕೊಳ್ಳುತ್ತವೆ. ಒದ್ದೆ ಎಲೆ ಇನ್ನೂ ಹೆಚ್ಚು ಹೀರುತ್ತದೆ. ತೋಟದಲ್ಲಿ ಮರಗಸಿ ಮಾಡಿದ ಮೇಲೆ ಮನೆಯ ಸಿಗ್ನಲ್ ಸುಧಾರಿಸಿ, ಮುಂಗಾರಿನ ಹೊಸ ಚಿಗುರಿನೊಂದಿಗೆ ಪುನಃ ಕುಸಿಯುವುದಕ್ಕೆ ಇದೇ ಕಾರಣ.

ಮಳೆಯೇ ಸಿಗ್ನಲ್ ಅನ್ನು ತಡೆಯುತ್ತದೆ ಎಂಬ ಭಾವನೆ ವ್ಯಾಪಕವಾಗಿದ್ದರೂ ಅದು ಪೂರ್ಣ ಸತ್ಯವಲ್ಲ. 700ರಿಂದ 2300 ಮೆಗಾಹರ್ಟ್ಸ್ ವ್ಯಾಪ್ತಿಯ ಮೊಬೈಲ್ ತರಂಗಗಳಿಗೆ ಮಳೆಹನಿಯಿಂದ ಆಗುವ ನಷ್ಟ ಅತ್ಯಲ್ಪ. ಮಳೆಗಾಲದಲ್ಲಿ ಸಂಪರ್ಕ ಕೆಡುವುದಕ್ಕೆ ಬೇರೆ ಕಾರಣಗಳಿವೆ. ಮರ ಬಿದ್ದು ವಿದ್ಯುತ್ ನಿಲ್ಲುತ್ತದೆ. ಟವರ್‌ನ ಬ್ಯಾಟರಿ ಕೆಲವು ಗಂಟೆಗಳಲ್ಲಿ ಖಾಲಿಯಾಗುತ್ತದೆ. ರಸ್ತೆ ಬಂದ್ ಆದರೆ ಜನರೇಟರ್‌ಗೆ ಡೀಸೆಲ್ ತಲುಪುವುದಿಲ್ಲ. ಆಪ್ಟಿಕಲ್ ಫೈಬರ್ ತಂತಿ ತುಂಡಾಗುತ್ತದೆ. ಕೆಲವು ಟವರ್‌ಗಳು ಫೈಬರ್ ಬದಲು ಮೈಕ್ರೋವೇವ್ ಮೂಲಕ ಪರಸ್ಪರ ಜೋಡಣೆಯಾಗಿರುತ್ತವೆ. ಅತಿ ಹೆಚ್ಚಿನ ಆವರ್ತನದ ಆ ಜೋಡಣೆಗೆ ಮಾತ್ರ ಜೋರು ಮಳೆಯಿಂದ ನೇರ ತೊಂದರೆ ಉಂಟಾಗಬಹುದು. ಈ ವ್ಯತ್ಯಾಸವನ್ನು ತಿಳಿದಿರುವುದು ಅವಶ್ಯ. ಟವರ್ ನಿಂತುಹೋಗಿರುವಾಗ ಮನೆಯಲ್ಲಿ ಎಂತಹ ಉಪಕರಣ ಅಳವಡಿಸಿದರೂ ಪ್ರಯೋಜನವಿಲ್ಲ.

ಕೊನೆಯದಾಗಿ ಮನೆ. ಒಣಗಿದ ಮಂಗಳೂರು ಹೆಂಚಿನ ಮೂಲಕ ಸಿಗ್ನಲ್ ಸಾಕಷ್ಟು ಒಳಬರುತ್ತದೆ. ತಗಡಿನ ಶೀಟು ಬಹುತೇಕ ಎಲ್ಲವನ್ನೂ ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ಹೆಂಚು ತೆಗೆದು ಶೀಟು ಹಾಕಿಸಿದ ಮನೆಗಳಲ್ಲಿ ಹಾಗೂ ತಗಡಿನ ಮಾಡಿನ ಲೈನ್ ಮನೆಗಳಲ್ಲಿ ಹೊರಗೆ ಸಿಗುವ ಸಿಗ್ನಲ್ ಒಳಗೆ ಸಿಗುವುದಿಲ್ಲ. ಐನ್‌ಮನೆಗಳ ದಪ್ಪ ಗೋಡೆ, ಆರ್.ಸಿ.ಸಿ. ತಾರಸಿಯ ಕಬ್ಬಿಣ, ಹೊಸ ಕಟ್ಟಡಗಳಲ್ಲಿ ಬಳಸುವ ಬಿಸಿಲು ತಡೆಯುವ ಲೋಹಲೇಪಿತ ಗಾಜು ಇವೂ ಅಡ್ಡಿಯಾಗುತ್ತವೆ.

ಮೊದಲು ಪರೀಕ್ಷೆ, ನಂತರ ಖರ್ಚು

ಯಾವುದೇ ಉಪಕರಣ ಖರೀದಿಸುವ ಮೊದಲು ತೊಂದರೆ ಎಲ್ಲಿದೆ ಎಂಬುದನ್ನು ಕಂಡುಕೊಳ್ಳತಕ್ಕದ್ದು. ಹ್ಯಾಂಡ್‌ಸೆಟ್‌ನಲ್ಲಿ ಕಾಣುವ ಕಡ್ಡಿಗಳ ಸಂಖ್ಯೆ ನಂಬಲರ್ಹವಲ್ಲ. ಒಂದೇ ಸಿಗ್ನಲ್‌ಗೆ ಒಂದು ಕಂಪನಿಯ ಫೋನ್ ಎರಡು ಕಡ್ಡಿ ತೋರಿಸಿದರೆ ಮತ್ತೊಂದು ಮೂರು ತೋರಿಸುತ್ತದೆ. ನಿಜವಾದ ಅಳತೆ ಡಿಬಿಎಂ ಎಂಬ ಮಾನದಲ್ಲಿ ದೊರೆಯುತ್ತದೆ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ವಿಭಾಗದಲ್ಲಿ ಸಿಮ್ ಸ್ಥಿತಿಯನ್ನು ತೆರೆದರೆ ಸಾಮಾನ್ಯವಾಗಿ ಇದು ಕಾಣುತ್ತದೆ. ಐಫೋನ್‌ನಲ್ಲಿ *3001#12345#* ಎಂದು ಡಯಲ್ ಮಾಡಬೇಕು.

ಈ ಸಂಖ್ಯೆಯ ಹಿಂದೆ ಋಣ ಚಿಹ್ನೆ ಇರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಉತ್ತಮ. 4ಜಿ ಸೇವೆಯಲ್ಲಿ -85 ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ ಯಾವ ತೊಂದರೆಯೂ ಇಲ್ಲ. -105ರ ಆಸುಪಾಸಿನಲ್ಲಿ ಇಂಟರ್‌ನೆಟ್ ನಿಧಾನವಾಗುತ್ತದೆ. -115 ದಾಟಿದರೆ ಕರೆ ಕಡಿತವಾಗುತ್ತದೆ. 10 ಡಿಬಿ ಇಳಿದರೆ ಸಿಗ್ನಲ್‌ನ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿದಂತೆ. ಆದುದರಿಂದ -95 ಮತ್ತು -105ರ ನಡುವಿನ ಅಂತರ ನೋಡಲು ಸಣ್ಣದಾದರೂ ವಾಸ್ತವದಲ್ಲಿ ದೊಡ್ಡದು.

ಅಡುಗೆಮನೆ, ಜಗಲಿ, ಅಟ್ಟ, ಅಂಗಳ, ಅಂಗಳದಿಂದ 30 ಹೆಜ್ಜೆ ಮೇಲಿನ ತೋಟ ಹೀಗೆ ಐದಾರು ಸ್ಥಳಗಳಲ್ಲಿ ಒಂದು ನಿಮಿಷ ನಿಂತು ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಳ್ಳುವುದು. ಅಂಗಳದಲ್ಲಿ -90, ಒಳಗೆ -112 ಬಂದರೆ ತೊಂದರೆ ಮನೆಯದು. ಇದಕ್ಕೆ ಮನೆಯಲ್ಲಿಯೇ ಪರಿಹಾರವಿದೆ. ಅಂಗಳದಲ್ಲಿಯೂ -112 ಬಂದು ಮೇಲಿನ ತೋಟದಲ್ಲಿ ಮಾತ್ರ -95 ಬಂದರೆ ತೊಂದರೆ ಗುಡ್ಡದ್ದು, ಎತ್ತರ ಗಳಿಸಬೇಕು. ಮುಳ್ಳೂರಿನ ಶಿಕ್ಷಕರ ಅಟ್ಟಣಿಗೆ ಮಾಡಿದ್ದೂ ಇದನ್ನೇ. ಎಲ್ಲಿಯೂ ಸಿಗ್ನಲ್ ಇಲ್ಲದಿದ್ದರೆ ಬೇರೆ ಕಂಪನಿ ಅಥವಾ ತಂತಿಯ ಸಂಪರ್ಕವೇ ದಾರಿ. ಇದೇ ಪರೀಕ್ಷೆಯನ್ನು ನೆರೆಹೊರೆಯವರ ಬಳಿ ಇರುವ ಬೇರೆ ಕಂಪನಿಯ ಸಿಮ್‌ನಿಂದಲೂ ಮಾಡಿಸಿ ನೋಡಬೇಕು. ಅರ್ಧ ಗಂಟೆಯ ಈ ಕೆಲಸ ಸಾವಿರಾರು ರೂಪಾಯಿಗಳ ವ್ಯರ್ಥ ಖರ್ಚನ್ನು ತಪ್ಪಿಸುತ್ತದೆ. ಇಂಟರ್‌ನೆಟ್ ವೇಗವನ್ನು ಅಳೆಯಲು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, ‘ಮೈಸ್ಪೀಡ್’ ಆ್ಯಪ್ ಉಚಿತವಾಗಿ ಲಭ್ಯವಿದೆ.

ಖರ್ಚಿಲ್ಲದ ಕ್ರಮಗಳು

ಫೋನ್ ಅನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ಹತ್ತು ಸೆಕೆಂಡಿನ ನಂತರ ತೆಗೆದರೆ ಅದು ಟವರ್‌ಗಳನ್ನು ಹೊಸದಾಗಿ ಹುಡುಕುತ್ತದೆ. ನೆಟ್‌ವರ್ಕ್ ವಿಧಾನವು ‘3ಜಿ ಮಾತ್ರ’ ಎಂದು ಇದ್ದರೆ ಬದಲಾಯಿಸಬೇಕು; ಖಾಸಗಿ ಕಂಪನಿಗಳು 3ಜಿ ಸೇವೆಯನ್ನು ಬಹುತೇಕ ನಿಲ್ಲಿಸಿವೆ. ವೋಲ್ಟಿ ಆಯ್ಕೆ ಚಾಲನೆಯಲ್ಲಿರಬೇಕು. ಜಿಯೋ ಸಂಸ್ಥೆಗೆ 2ಜಿ ಜಾಲವೇ ಇಲ್ಲದ ಕಾರಣ ವೋಲ್ಟಿ ಇಲ್ಲದೆ ಅದರಲ್ಲಿ ಕರೆ ಸಾಧ್ಯವಾಗದು. 5ಜಿ ಸಿಗ್ನಲ್ ಅಂಚಿನಲ್ಲಿ ಬಂದು ಹೋಗುತ್ತಿರುವ ಸ್ಥಳದಲ್ಲಿ ಫೋನ್ ಅನ್ನು 4ಜಿಗೆ ಸೀಮಿತಗೊಳಿಸಿದರೆ ಕರೆ ಸ್ಥಿರವಾಗುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ಬಿಎಸ್‌ಎನ್‌ಎಲ್ ಗ್ರಾಹಕರಿಗೆ ಒಂದು ವಿಶೇಷ ಸೂಚನೆ. ಸದರಿ ಸಂಸ್ಥೆಯ 4ಜಿ ಸೇವೆಯು 700 ಮತ್ತು 2100 ಮೆಗಾಹರ್ಟ್ಸ್ ಆವರ್ತನಗಳನ್ನು ಬಳಸುತ್ತದೆ. 700 ಮೆಗಾಹರ್ಟ್ಸ್ ತರಂಗ ಮರ ಮತ್ತು ಗೋಡೆಗಳನ್ನು ಉಳಿದವುಗಳಿಗಿಂತ ಚೆನ್ನಾಗಿ ದಾಟುತ್ತದೆ. ಆದರೆ ಹಳೆಯ ಹ್ಯಾಂಡ್‌ಸೆಟ್‌ಗಳಲ್ಲಿ ಅನೇಕವು ಬ್ಯಾಂಡ್ 28 ಎಂಬ ಈ ಆವರ್ತನವನ್ನು ಗ್ರಹಿಸಲಾರವು. ಟವರ್ ಹೊಸದಾಗಿ 4ಜಿ ಆದ ಮೇಲೂ ಮನೆಯಲ್ಲಿ ಬದಲಾವಣೆ ಕಾಣದಿದ್ದರೆ ಫೋನ್‌ನ ವಿವರಗಳಲ್ಲಿ ಬ್ಯಾಂಡ್ 28 ಇದೆಯೇ ಎಂದು ನೋಡತಕ್ಕದ್ದು. ಹಳೆಯ 2ಜಿ, 3ಜಿ ಸಿಮ್ ಆಗಿದ್ದಲ್ಲಿ ಗ್ರಾಹಕ ಸೇವಾ ಕೇಂದ್ರದಲ್ಲಿ 4ಜಿ ಸಿಮ್‌ಗೆ ಬದಲಾಯಿಸಿಕೊಳ್ಳಬೇಕು. ಸಿಮ್ ಬದಲಾಯಿಸಿದ ನಂತರ 24 ಗಂಟೆಗಳ ಕಾಲ ಎಸ್‌ಎಂಎಸ್ ಸೌಲಭ್ಯವನ್ನು ಸುರಕ್ಷತೆಯ ದೃಷ್ಟಿಯಿಂದ ತಡೆಹಿಡಿಯಲಾಗುತ್ತದೆ; ಆ ಅವಧಿಯಲ್ಲಿ ಓಟಿಪಿ ಬರುವುದಿಲ್ಲ. ಅರ್ಜಿ ಸಲ್ಲಿಸುವ ಕೊನೆಯ ದಿನದ ಹಿಂದಿನ ದಿನ ಸಿಮ್ ಬದಲಾಯಿಸುವುದು ಸೂಕ್ತವಲ್ಲ.

ಓಟಿಪಿ ಸಂದೇಶಕ್ಕೆ ಇಂಟರ್‌ನೆಟ್ ಬೇಕಿಲ್ಲ, ದುರ್ಬಲ 2ಜಿ ಸಿಗ್ನಲ್ ಸಾಕು. ಅರ್ಜಿಯನ್ನು ಗ್ರಾಮ ಒನ್ ಕೇಂದ್ರದಲ್ಲಿ ಸಲ್ಲಿಸುವಾಗ ಆಧಾರ್‌ಗೆ ಜೋಡಣೆಯಾದ ಸಂಖ್ಯೆಯ ಫೋನ್ ಅನ್ನು ಮನೆಯಲ್ಲಿ ಬಿಟ್ಟು ಬಂದು ಮನೆಯವರಿಗೆ ಕರೆ ಮಾಡಿ ಓಟಿಪಿ ಕೇಳುವ ಪದ್ಧತಿ ಅನೇಕ ಕಡೆ ಇದೆ. ಫೋನ್ ಅನ್ನೇ ಕೇಂದ್ರಕ್ಕೆ ತರುವುದು ಉತ್ತಮ.

ಗಡಿ ಗ್ರಾಮಗಳು

ಕುಟ್ಟ, ಮಾಕುಟ್ಟ, ಕರಿಕೆ ಮುಂತಾದ ಕಡೆಗಳಲ್ಲಿ ಫೋನ್ ಕೇರಳ ವೃತ್ತದ ಟವರ್‌ಗೆ ಹೊಂದಿಕೊಳ್ಳುವ ಸಾಧ್ಯತೆ ಇದೆ. ಆಗ ಕರೆ ಬರುತ್ತದೆ, ಇಂಟರ್‌ನೆಟ್ ಮಾತ್ರ ನಿಲ್ಲುತ್ತದೆ. ‘ಡೇಟಾ ರೋಮಿಂಗ್’ ಆಯ್ಕೆ ಬಂದ್ ಆಗಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಅದನ್ನು ಚಾಲನೆ ಮಾಡಿದರೆ ಸರಿಹೋಗುತ್ತದೆ. ದೇಶದೊಳಗಿನ ರೋಮಿಂಗ್‌ಗೆ ಪ್ರತ್ಯೇಕ ಶುಲ್ಕ ಇದೆಯೇ ಎಂಬುದನ್ನು ತಮ್ಮ ರೀಚಾರ್ಜ್ ಯೋಜನೆಯಲ್ಲಿ ನೋಡಿಕೊಳ್ಳುವುದು. ಎರಡು ರಾಜ್ಯಗಳ ಟವರ್‌ಗಳ ನಡುವೆ ಫೋನ್ ಪದೇ ಪದೇ ಅಲೆದಾಡುತ್ತಿದ್ದರೆ ನೆಟ್‌ವರ್ಕ್ ಆಯ್ಕೆಯನ್ನು ಸ್ವಯಂಚಾಲಿತದಿಂದ ತೆಗೆದು ಬಲವಾದ ಟವರ್ ಅನ್ನು ಕೈಯಿಂದ ಆರಿಸಬಹುದು. ಬೇರೆ ಊರಿಗೆ ಹೋಗುವಾಗ ಪುನಃ ಸ್ವಯಂಚಾಲಿತಕ್ಕೆ ತರಲು ಮರೆಯಬಾರದು.

ವೈಫೈ ಮೂಲಕ ಕರೆ

ಮನೆಗೆ ಬ್ರಾಡ್‌ಬ್ಯಾಂಡ್ ಇದ್ದು ಮೊಬೈಲ್ ಸಿಗ್ನಲ್ ಇಲ್ಲದವರಿಗೆ ಇದು ಅತ್ಯಂತ ಸುಲಭವಾದ, ಕಾನೂನುಬದ್ಧವಾದ ಪರಿಹಾರ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿಯೂ ಜಿಯೋ 2020ರ ಜನವರಿಯಲ್ಲಿಯೂ ಈ ಸೌಲಭ್ಯವನ್ನು ಆರಂಭಿಸಿದವು; ನಂತರ ಇತರ ಕಂಪನಿಗಳೂ ಸೇರಿಕೊಂಡವು. ಇದಕ್ಕೆ ಬೇರೆ ಆ್ಯಪ್ ಬೇಕಿಲ್ಲ. ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ‘ವೈಫೈ ಕಾಲಿಂಗ್’ ಚಾಲನೆ ಮಾಡಿದರೆ ಕರೆಯು ಟವರ್‌ನ ಬದಲು ಮನೆಯ ವೈಫೈ ಮೂಲಕ ಹೋಗುತ್ತದೆ, ಅದೇ ಸಂಖ್ಯೆ, ಅದೇ ಯೋಜನೆ. ಬ್ರಾಡ್‌ಬ್ಯಾಂಡ್ ಯಾವ ಕಂಪನಿಯದಾದರೂ ಆಗಬಹುದು. ಹ್ಯಾಂಡ್‌ಸೆಟ್‌ನಲ್ಲಿ ಈ ಸೌಲಭ್ಯ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳುವುದು. ಅನೇಕ ಹ್ಯಾಂಡ್‌ಸೆಟ್‌ಗಳಲ್ಲಿ ಎಸ್‌ಎಂಎಸ್ ಕೂಡ ಈ ಮಾರ್ಗದಲ್ಲಿ ಬರುತ್ತದೆ.

ಬಿಎಸ್‌ಎನ್‌ಎಲ್ ಮತ್ತು ಸ್ಥಳೀಯ ಕೇಬಲ್ ನಿರ್ವಾಹಕರ ಫೈಬರ್ ಸಂಪರ್ಕ ದೊರೆಯುವ ಗ್ರಾಮಗಳಲ್ಲಿ ಮೊದಲ ಆಯ್ಕೆ ಅದೇ ಆಗಿರತಕ್ಕದ್ದು. ಆದರೆ ಕಂಬಗಳ ಮೇಲೆ ಎಳೆದ ಫೈಬರ್ ಜೂನ್‌ನಿಂದ ಆಗಸ್ಟ್‌ವರೆಗೆ ಕೊಂಬೆ ಬಿದ್ದು ತುಂಡಾಗುವುದುಂಟು. ವಿದ್ಯುತ್ ಹೋದೊಡನೆ ರೂಟರ್ ಕೂಡ ನಿಲ್ಲುತ್ತದೆ. ಹಿಂದಿನ ತಾಮ್ರದ ತಂತಿಯ ದೂರವಾಣಿಗೆ ವಿನಿಮಯ ಕೇಂದ್ರದಿಂದಲೇ ವಿದ್ಯುತ್ ಬರುತ್ತಿದ್ದುದರಿಂದ ಕರೆಂಟ್ ಇಲ್ಲದಾಗಲೂ ಅದು ಕೆಲಸ ಮಾಡುತ್ತಿತ್ತು; ಫೈಬರ್‌ಗೆ ಆ ಗುಣವಿಲ್ಲ. ಆದುದರಿಂದ ರೂಟರ್ ಮತ್ತು ಫೈಬರ್ ಪೆಟ್ಟಿಗೆ ಎರಡಕ್ಕೂ ಸಣ್ಣ ಬ್ಯಾಟರಿ ಯುಪಿಎಸ್ ಅಳವಡಿಸುವುದು ಕೊಡಗಿನಲ್ಲಿ ಅವಶ್ಯ.

ಸಿಮ್ ರೂಟರ್ ಮತ್ತು ಎತ್ತರದ ಆಂಟೆನಾ

ಫೈಬರ್ ಇಲ್ಲದ ಮನೆಗಳಿಗೆ ಸಿಮ್ ಹಾಕುವ 4ಜಿ ರೂಟರ್ ಉಪಯುಕ್ತ. ಮನೆಯೊಳಗೆ -112 ಇರುವ ಸಿಗ್ನಲ್ ಮಾಡಿನ ತುದಿಯಲ್ಲಿ -95 ಇದ್ದರೆ, ರೂಟರ್ ಅನ್ನು ಅಲ್ಲಿಟ್ಟು ಮನೆಯೊಳಗೆ ವೈಫೈ ಹರಡಿಸಬಹುದು. ಅದೇ ವೈಫೈನಲ್ಲಿ ಮೇಲೆ ತಿಳಿಸಿದ ವೈಫೈ ಕರೆಯೂ ಸಾಧ್ಯ. ರೂಟರ್ ಕೊಳ್ಳುವ ಮೊದಲು ಪ್ರಯೋಗಾರ್ಥವಾಗಿ ಹಳೆಯ 4ಜಿ ಫೋನ್ ಒಂದನ್ನು ಅಟ್ಟದ ಕಿಟಕಿಯಲ್ಲಿ ಇಟ್ಟು ಹಾಟ್‌ಸ್ಪಾಟ್ ಮಾಡಿ ನೋಡಬಹುದು. ಕೆಲವು ಮನೆಗಳಿಗೆ ಅಷ್ಟೇ ಸಾಕಾಗುತ್ತದೆ.

ಇನ್ನೂ ಎತ್ತರ ಬೇಕಾದಲ್ಲಿ ಹೊರಾಂಗಣ ಆಂಟೆನಾ ಜೋಡಿಸುವ ಸೌಲಭ್ಯವುಳ್ಳ ರೂಟರ್ ಆರಿಸಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಆಂಟೆನಾವನ್ನು ಕಂಬದ ಮೇಲಿಟ್ಟು ರೂಟರ್ ಅನ್ನು ಟಿವಿಯ ಪಕ್ಕದಲ್ಲಿಟ್ಟು ಎರಡರ ನಡುವೆ ಉದ್ದನೆಯ ತೆಳು ಆಂಟೆನಾ ಕೇಬಲ್ ಎಳೆಯುವುದು. ಅಂತಹ ಕೇಬಲ್‌ನ 10 ಮೀಟರ್ ಉದ್ದದಲ್ಲಿಯೇ ಸಿಗ್ನಲ್‌ನ ಮುಕ್ಕಾಲು ಭಾಗಕ್ಕೂ ಹೆಚ್ಚು ನಷ್ಟವಾಗಬಹುದು. ಎತ್ತರದಿಂದ ಗಳಿಸಿದ್ದು ಕೇಬಲ್‌ನಲ್ಲಿ ಕಳೆದುಹೋಗುತ್ತದೆ. ರೂಟರ್ ಆಂಟೆನಾದ ಸಮೀಪದಲ್ಲಿಯೇ, ಮಳೆ ತಾಗದ ಪೆಟ್ಟಿಗೆಯಲ್ಲಿ ಇರಬೇಕು. ಅಲ್ಲಿಂದ ಮನೆಗೆ ಈಥರ್‌ನೆಟ್ ತಂತಿ ಎಳೆಯಬೇಕು. ಈ ತಂತಿ 100 ಮೀಟರ್‌ವರೆಗೆ ನಷ್ಟವಿಲ್ಲದೆ ಕೆಲಸ ಮಾಡುತ್ತದೆ. ಸೂಕ್ತ ಸಾಧನವಿದ್ದರೆ ರೂಟರ್‌ಗೆ ಬೇಕಾದ ವಿದ್ಯುತ್ತನ್ನೂ ಅದರಲ್ಲಿಯೇ ಕಳುಹಿಸಬಹುದು. ಗದ್ದೆಯ ಬದಿಯ ಮನೆಯಿಂದ ಬಾಣೆಯ ಮೇಲಿನ ತೆರವಾದ ಜಾಗಕ್ಕೆ 100 ಮೀಟರ್ ಸಾಕಷ್ಟು ದೂರವೇ.

ಸುರಕ್ಷತೆಯ ವಿಷಯದಲ್ಲಿ ರಾಜಿ ಸಲ್ಲದು. ಕರಿಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ತೋಟಗಳಲ್ಲಿ ಜೀವಹಾನಿ ಸಂಭವಿಸಿರುವುದು ಜಿಲ್ಲೆಯ ಜನರಿಗೆ ತಿಳಿದೇ ಇದೆ. ಆಂಟೆನಾ ನಿಲ್ಲಿಸುವ ಲೋಹದ ಪೈಪಿಗೂ ಅದೇ ಅಪಾಯ. ಕಂಬ ಯಾವ ದಿಕ್ಕಿಗೆ ಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ಅಂತರವಿರಬೇಕು. ತಂತಿಯ ಸಮೀಪ ಕೆಲಸ ಅನಿವಾರ್ಯವಾದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ 1912 ಸಂಖ್ಯೆಗೆ ತಿಳಿಸಿ ವಿದ್ಯುತ್ ನಿಲುಗಡೆ ಮಾಡಿಸಿಕೊಳ್ಳತಕ್ಕದ್ದು. ಕಾಫಿ ಹೂವಿನ ಮಳೆಯೊಂದಿಗೆ ಆರಂಭವಾಗುವ ಗುಡುಗು ಸಿಡಿಲಿನ ದಿನಗಳಲ್ಲಿ ಉಪಕರಣದ ಎಲ್ಲ ತಂತಿಗಳನ್ನೂ ಕಳಚಿಡಬೇಕು. ಲೋಹದ ಕಂಬಕ್ಕೆ ಭೂಸಂಪರ್ಕ ಕಡ್ಡಾಯವಾಗಿ ಇರಬೇಕು.

ಸಿಗ್ನಲ್ ಬೂಸ್ಟರ್ ಅಳವಡಿಸುವಂತಿಲ್ಲ

ಅಂಗಡಿಗಳಲ್ಲಿ ಮತ್ತು ಆನ್‌ಲೈನ್‌ನಲ್ಲಿ ‘ಮೊಬೈಲ್ ಸಿಗ್ನಲ್ ಬೂಸ್ಟರ್’ ಅಥವಾ ‘ರಿಪೀಟರ್’ ಎಂಬ ಹೆಸರಿನ ಉಪಕರಣಗಳು ಮಾರಾಟಕ್ಕೆ ಕಾಣಸಿಗುತ್ತವೆ. ಮಾರಾಟಕ್ಕಿದೆ ಎಂಬ ಮಾತ್ರಕ್ಕೆ ಬಳಕೆಗೆ ಅನುಮತಿ ಇದೆ ಎಂದು ಭಾವಿಸಬಾರದು. ಪರವಾನಗಿ ಪಡೆದ ಮೊಬೈಲ್ ಕಂಪನಿಗಳ ಹೊರತು ಯಾರೂ ಇವುಗಳನ್ನು ಅಳವಡಿಸುವಂತಿಲ್ಲ ಎಂದು ದೂರಸಂಪರ್ಕ ಇಲಾಖೆ ಹಲವು ಬಾರಿ ಸ್ಪಷ್ಟಪಡಿಸಿದೆ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಾಫಿ ಅಧಿನಿಯಮದ ಕಾಲದಿಂದಲೂ ಅನುಮತಿಯಿಲ್ಲದೆ ಇಂತಹ ರೇಡಿಯೊ ಉಪಕರಣ ಹೊಂದಿರುವುದು ಅಪರಾಧ. 2023ರ ದೂರಸಂಪರ್ಕ ಅಧಿನಿಯಮದಲ್ಲಿಯೂ ಇದಕ್ಕೆ ದಂಡವನ್ನು ವಿಧಿಸಲಾಗಿದೆ.

ಈ ನಿರ್ಬಂಧ ಕೇವಲ ಕಾಗದದ ನಿಯಮವಲ್ಲ. ಧ್ವನಿವರ್ಧಕದ ಎದುರಿಗೆ ಮೈಕ್ ಹಿಡಿದರೆ ಕಿರುಚುವ ಸದ್ದು ಹೇಗೆ ಉಂಟಾಗುತ್ತದೆಯೋ ಹಾಗೆಯೇ ಬೂಸ್ಟರ್‌ನ ಹೊರ ಆಂಟೆನಾ ಮತ್ತು ಒಳ ಆಂಟೆನಾ ಒಂದನ್ನೊಂದು ಕೇಳಿಸಿಕೊಂಡು ಗದ್ದಲ ಎಬ್ಬಿಸುತ್ತವೆ. ಆ ಗದ್ದಲ ನೇರವಾಗಿ ಟವರ್‌ಗೆ ತಲುಪುತ್ತದೆ. ದೂರದ ಮನೆಯ ದುರ್ಬಲ ಫೋನ್‌ನ ದನಿ ಅದರಲ್ಲಿ ಮುಳುಗಿಹೋಗುತ್ತದೆ. ಬೂಸ್ಟರ್ ಇರುವ ಮನೆಯಲ್ಲಿ ಕಡ್ಡಿಗಳು ತುಂಬಿರುತ್ತವೆ, ಎದುರು ಗುಡ್ಡದ ಮನೆಯಿಂದ ಮಾಡುವ ಕರೆ ಮಾತ್ರ ಹೋಗುವುದಿಲ್ಲ. ಒಂದೇ ಟವರ್ ಅನ್ನು ಹಲವು ಗ್ರಾಮಗಳು ನೆಚ್ಚಿಕೊಂಡಿರುವ ಕೊಡಗಿನಲ್ಲಿ, ಮಳೆಗಾಲದ ರಾತ್ರಿ ಆ ಕರೆ ಆಂಬ್ಯುಲೆನ್ಸ್‌ಗಾಗಿ ಮಾಡಿದ್ದೂ ಆಗಿರಬಹುದು.

ಹೋಂಸ್ಟೇ ಮತ್ತು ರೆಸಾರ್ಟ್ ನಡೆಸುವವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಕಟ್ಟಡದೊಳಗೆ ಸಿಗ್ನಲ್ ಒದಗಿಸುವ ಅಧಿಕೃತ ಉಪಕರಣವನ್ನು ಮೊಬೈಲ್ ಕಂಪನಿಯೇ ಅಳವಡಿಸಬಹುದಾಗಿದ್ದು, ಕಂಪನಿಗೆ ಲಿಖಿತ ಕೋರಿಕೆ ಸಲ್ಲಿಸಬಹುದು. ವೈಫೈ ರೂಟರ್, ವೈಫೈ ವಿಸ್ತರಣಾ ಸಾಧನ ಮತ್ತು ಸಿಮ್ ರೂಟರ್‌ಗಳು ಬೂಸ್ಟರ್ ಅಲ್ಲ. ಪ್ರಮಾಣೀಕೃತ ಸಾಧನಗಳಾಗಿದ್ದಲ್ಲಿ ಅವುಗಳಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ.

ಕಂಪನಿ ಬದಲಾವಣೆ

ಪರೀಕ್ಷೆಯಲ್ಲಿ ಬೇರೆ ಕಂಪನಿಯ ಸಿಗ್ನಲ್ ಉತ್ತಮವೆಂದು ಕಂಡುಬಂದರೆ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಾಯಿಸಬಹುದು. ಈ ಸೌಲಭ್ಯ ದೇಶದಾದ್ಯಂತ 20 ಜನವರಿ 2011ರಿಂದ ಜಾರಿಯಲ್ಲಿದೆ. ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು, ಹತ್ತು ಅಂಕಿಯ ಮೊಬೈಲ್ ಸಂಖ್ಯೆ ಸೇರಿಸಿ 1900ಕ್ಕೆ ಎಸ್‌ಎಂಎಸ್ ಕಳುಹಿಸಬೇಕು. ಉತ್ತರವಾಗಿ ಬರುವ ಸಂಕೇತಾಕ್ಷರ ಕರ್ನಾಟಕದಲ್ಲಿ 4 ದಿನ ಊರ್ಜಿತವಾಗಿರುತ್ತದೆ. ಅಷ್ಟರೊಳಗೆ ಗುರುತಿನ ದಾಖಲೆಯೊಂದಿಗೆ ಹೊಸ ಕಂಪನಿಯ ಮಳಿಗೆಗೆ ಹೋಗಬೇಕು. ಈಗಿನ ಕಂಪನಿಯಲ್ಲಿ 90 ದಿನ ಪೂರೈಸಿರಬೇಕು, ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು. ರಾಜ್ಯದೊಳಗಿನ ಬದಲಾವಣೆ 3 ಕೆಲಸದ ದಿನಗಳಲ್ಲಿ ಪೂರ್ಣಗೊಳ್ಳುತ್ತದೆ.

ಸಂಖ್ಯೆ ಬದಲಾಗದ ಕಾರಣ ಆಧಾರ್, ಬ್ಯಾಂಕ್ ಮತ್ತು ಪಡಿತರ ಚೀಟಿಯ ಜೋಡಣೆ ಹಾಗೆಯೇ ಮುಂದುವರಿಯುತ್ತದೆ. ಹೊಸ ಸಂಖ್ಯೆಯ ಸಿಮ್ ಪಡೆದು ಹಳೆಯದನ್ನು ಬಿಟ್ಟುಬಿಟ್ಟವರು ಆಧಾರ್ ಕೇಂದ್ರಕ್ಕೆ ಹೋಗಿ ಸಂಖ್ಯೆ ತಿದ್ದಿಸದಿದ್ದರೆ ಯಾವ ಓಟಿಪಿಯೂ ಬರುವುದಿಲ್ಲ. ಅರ್ಜಿಗಳು ಅರ್ಧದಲ್ಲಿ ನಿಲ್ಲುವುದಕ್ಕೆ ಸಿಗ್ನಲ್‌ಗಿಂತ ಇದೇ ಕಾರಣವಾಗಿರುವುದೂ ಉಂಟು.

ಎರಡು ಸಿಮ್ ಇಡಲು ಖರ್ಚಿನ ಚಿಂತೆ ಇರುವವರು, ವಿಶೇಷವಾಗಿ ಹಿರಿಯರು, ಇಂಟರ್‌ನೆಟ್ ಇಲ್ಲದೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ರೀಚಾರ್ಜ್ ಯೋಜನೆಗಳನ್ನು ಕೇಳಿ ಪಡೆಯಬಹುದು. ಇಂತಹ ಯೋಜನೆ ನೀಡುವುದನ್ನು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಡ್ಡಾಯಗೊಳಿಸಿದೆ.

ದೂರು ಸಲ್ಲಿಸುವ ವಿಧಾನ

ಪ್ರಥಮವಾಗಿ ಕಂಪನಿಯ ದೂರು ಕೇಂದ್ರಕ್ಕೆ ದೂರು ನೀಡಬೇಕು. 198 ಸಂಖ್ಯೆ ಅಥವಾ ಕಂಪನಿಯ ಆ್ಯಪ್ ಬಳಸಬಹುದು. ‘ನೆಟ್‌ವರ್ಕ್ ಇಲ್ಲ’ ಎಂದಷ್ಟೇ ಹೇಳಿದ ದೂರು ಬಹುಪಾಲು ಫೋನ್ ಅನ್ನು ಪುನಃ ಆರಂಭಿಸುವ ಸಲಹೆಯೊಂದಿಗೆ ಮುಕ್ತಾಯವಾಗುತ್ತದೆ. ಗ್ರಾಮ, ಪಿನ್‌ಕೋಡ್, ನಕ್ಷೆಯಲ್ಲಿನ ಸ್ಥಾನ, ಅಂಗಳದಲ್ಲಿಯೂ ಒಳಗೂ ಬಂದ ಡಿಬಿಎಂ ಸಂಖ್ಯೆ, ದಿನಾಂಕ ಮತ್ತು ವೇಳೆ ಇವುಗಳನ್ನು ತಿಳಿಸಬೇಕು. 1 ಅಕ್ಟೋಬರ್ 2024ರಿಂದ ಜಾರಿಗೆ ಬಂದ ಟ್ರಾಯ್ ಸೇವಾ ಗುಣಮಟ್ಟ ನಿಯಮಾವಳಿಯಂತೆ ಕಂಪನಿಗಳು ತಮ್ಮ ಜಾಲತಾಣದಲ್ಲಿ 2ಜಿ, 4ಜಿ, 5ಜಿ ಸೇವೆ ಲಭ್ಯವಿರುವ ಪ್ರದೇಶಗಳ ನಕ್ಷೆಯನ್ನು ಪ್ರಕಟಿಸಬೇಕು. ನಕ್ಷೆಯಲ್ಲಿ ಸೇವೆ ಇದೆ ಎಂದು ತೋರಿಸಿದ ಸ್ಥಳದಲ್ಲಿ ಅಂಗಳದಲ್ಲಿಯೂ ಸಿಗ್ನಲ್ ಇಲ್ಲದಿದ್ದರೆ ಆ ಅಂಶವನ್ನು ದೂರಿನಲ್ಲಿ ಉಲ್ಲೇಖಿಸುವುದು ಪರಿಣಾಮಕಾರಿ. ದೂರಿನ ಡಾಕೆಟ್ ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಳ್ಳಬೇಕು.

ಪರಿಹಾರ ತೃಪ್ತಿಕರವಾಗಿಲ್ಲದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, 39 ದಿನಗಳಲ್ಲಿ ಇತ್ಯರ್ಥವಾಗಬೇಕು. ನಂತರ ದೂರಸಂಪರ್ಕ ಇಲಾಖೆಯ ಸಾರ್ವಜನಿಕ ಕುಂದುಕೊರತೆ ವಿಭಾಗಕ್ಕೆ ಕೇಂದ್ರ ಸರ್ಕಾರದ ಕುಂದುಕೊರತೆ ಜಾಲತಾಣದ ಮೂಲಕ ದೂರು ನೀಡಬಹುದು. ಟ್ರಾಯ್ ವೈಯಕ್ತಿಕ ದೂರುಗಳನ್ನು ವಿಚಾರಣೆ ಮಾಡುವುದಿಲ್ಲ. ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದ ಬಾಗಿಲು ತೆರೆದಿದೆ. ದೂರವಾಣಿ ಗ್ರಾಹಕರು ಗ್ರಾಹಕ ಆಯೋಗಗಳಿಗೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ.

ಹೊಸ ಟವರ್ ಕುರಿತು

ಗುಡ್ಡದ ನೆರಳಿನಲ್ಲಿರುವ ಇಡೀ ಗ್ರಾಮಕ್ಕೆ ಟವರ್ ಒಂದೇ ಪರಿಹಾರ. ಸೇವೆಯಿಲ್ಲದ 24,680 ಗ್ರಾಮಗಳಿಗೆ 4ಜಿ ಒದಗಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟ ಜುಲೈ 2022ರಲ್ಲಿ ಅನುಮೋದನೆ ನೀಡಿತು. ಬಿಎಸ್‌ಎನ್‌ಎಲ್ ಇದನ್ನು ಅನುಷ್ಠಾನಗೊಳಿಸುವ ಸಂಸ್ಥೆ. ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ನಿರ್ಮಿಸಿದ ಟವರ್‌ಗಳನ್ನು ಬಿಎಸ್‌ಎನ್‌ಎಲ್, ಏರ್‌ಟೆಲ್ ಮತ್ತು ಜಿಯೋ ಗ್ರಾಹಕರು ಪರಸ್ಪರ ಬಳಸುವ ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ನೀಡಲಾಗಿದೆ. ಗ್ರಾಮಸ್ಥರು ಗ್ರಾಮಸಭೆಯಲ್ಲಿ ನಿರ್ಣಯ ಕೈಗೊಂಡು, ಮನೆಗಳ ಸಂಖ್ಯೆ, ಶಾಲೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿಯ ವಿವರ ಹಾಗೂ ಅಲ್ಲಿನ ಸಿಗ್ನಲ್ ಅಳತೆಯೊಂದಿಗೆ ಬಿಎಸ್‌ಎನ್‌ಎಲ್ ಕಚೇರಿಗೆ ಮನವಿ ಸಲ್ಲಿಸಿ, ಜಿಲ್ಲಾಧಿಕಾರಿಗಳ ಕಚೇರಿಗೆ ಪ್ರತಿಯನ್ನು ನೀಡುವುದು ಸೂಕ್ತ.

ವಿಕಿರಣದ ಭಯದಿಂದ ಟವರ್‌ಗೆ ವಿರೋಧ ವ್ಯಕ್ತವಾಗುವುದುಂಟು. ಭಾರತದಲ್ಲಿ ಟವರ್ ವಿಕಿರಣದ ಮಿತಿಯನ್ನು 2012ರಿಂದ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದು ಭಾಗಕ್ಕೆ ನಿಗದಿಪಡಿಸಲಾಗಿದೆ. ನಿರ್ದಿಷ್ಟ ಟವರ್‌ನ ಮಾಹಿತಿ ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಜಾಲತಾಣದಲ್ಲಿ ದೊರೆಯುತ್ತದೆ. ಟವರ್ ದೂರವಾದಷ್ಟೂ ಕಿವಿಯ ಬಳಿಯಿರುವ ಫೋನ್ ಹೆಚ್ಚು ಶಕ್ತಿಯಿಂದ ಪ್ರಸಾರ ಮಾಡುತ್ತದೆ ಎಂಬುದನ್ನೂ ಗಮನಿಸಬೇಕು.

ಜಮೀನಿನಲ್ಲಿ ಟವರ್ ಹಾಕಿಸುವುದಾಗಿ, ತಿಂಗಳ ಬಾಡಿಗೆ ಕೊಡಿಸುವುದಾಗಿ ಹೇಳಿ ಮುಂಗಡ ಶುಲ್ಕ, ತೆರಿಗೆ ಅಥವಾ ನಿರಾಕ್ಷೇಪಣಾ ಪತ್ರದ ಹೆಸರಿನಲ್ಲಿ ಹಣ ಕೇಳುವ ಕರೆಗಳು ವಂಚನೆಯೇ ಆಗಿವೆ. ಟ್ರಾಯ್ ಅಥವಾ ದೂರಸಂಪರ್ಕ ಇಲಾಖೆ ಟವರ್‌ಗಾಗಿ ಭೂಮಾಲೀಕರಿಗೆ ಯಾವ ಪತ್ರವನ್ನೂ ನೀಡುವುದಿಲ್ಲ, ಹಣವನ್ನೂ ಕೇಳುವುದಿಲ್ಲ. ಹಣ ಕಳೆದುಕೊಂಡವರು ವಿಳಂಬ ಮಾಡದೆ 1930ಕ್ಕೆ ಕರೆ ಮಾಡತಕ್ಕದ್ದು.

ಮಳೆಗಾಲದ ಸಿದ್ಧತೆ

ಮನೆಯಲ್ಲಿ ಕನಿಷ್ಠ ಎರಡು ಕಂಪನಿಗಳ ಸಿಮ್ ಇರಲಿ. ಒಂದರ ಟವರ್ ನಿಂತಾಗ ಮತ್ತೊಂದು ಚಾಲನೆಯಲ್ಲಿರುವ ಸಂಭವ ಹೆಚ್ಚು. ಸಿಗ್ನಲ್ ದುರ್ಬಲವಿದ್ದಷ್ಟೂ ಫೋನ್‌ನ ಬ್ಯಾಟರಿ ಬೇಗ ಮುಗಿಯುತ್ತದೆ. ವಿದ್ಯುತ್ ಇಲ್ಲದ ದಿನಗಳಲ್ಲಿ ಅಗತ್ಯವಿಲ್ಲದಾಗ ಏರ್‌ಪ್ಲೇನ್ ಮೋಡ್‌ನಲ್ಲಿಟ್ಟು, ನಿಗದಿತ ವೇಳೆಗೊಮ್ಮೆ ತೆರೆದು ಸಂದೇಶ ನೋಡುವುದು ಉತ್ತಮ. ದುರ್ಬಲ ಸಿಗ್ನಲ್‌ನಲ್ಲಿ ಕರೆ ಹೋಗದಿದ್ದರೂ ಎಸ್‌ಎಂಎಸ್ ಹೋಗುವ ಸಾಧ್ಯತೆ ಇರುತ್ತದೆ. ತಮ್ಮ ಕಂಪನಿಯ ಸಿಗ್ನಲ್ ಇಲ್ಲದೆ ಬೇರೆ ಯಾವುದಾದರೂ ಕಂಪನಿಯ ಸಿಗ್ನಲ್ ಇದ್ದಲ್ಲಿ 112ಕ್ಕೆ ಮಾಡಿದ ತುರ್ತು ಕರೆ ಆ ಜಾಲದ ಮೂಲಕ ಹೋಗುತ್ತದೆ. ಆದುದರಿಂದ ಪರದೆಯ ಮೇಲೆ ‘ತುರ್ತು ಕರೆ ಮಾತ್ರ’ ಎಂದು ಕಂಡಾಗ ಫೋನ್ ಅನ್ನು ಬದಿಗಿಡದೆ 112ಕ್ಕೆ ಪ್ರಯತ್ನಿಸತಕ್ಕದ್ದು. ವೈಫೈ ಕರೆಯಲ್ಲಿ ತುರ್ತು ಸಂಖ್ಯೆಗೆ ಮಾತನಾಡುವವರು ಗ್ರಾಮ, ರಸ್ತೆ ಮತ್ತು ಸಮೀಪದ ಗುರುತನ್ನು ಬಾಯಿಮಾತಿನಲ್ಲಿ ಸ್ಪಷ್ಟವಾಗಿ ತಿಳಿಸಬೇಕು. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077, ಆಂಬ್ಯುಲೆನ್ಸ್ ಸಂಖ್ಯೆ 108.